ಮಸಿ ಬೇಡದ ವೇಷ

೮ ನವೆಂಬರ್ ೧೯೮೫, ಶುಕ್ರವಾರ. ಅಲ್ ಖೋಬರ್, ಸೌದಿ ಅರೇಬಿಯಾ

ಮೀನು ತೊಳೆದಾಯಿತು. ಸಾಹೇಬರ ಅಂಗಿಗಳಿಗೆ ಇಸ್ತ್ರಿ ಆಯಿತು. ಅವರು ಜುಮಾ ನಮಾಜಿಗೆ ಹೋದ ಮೇಲೆ ಸ್ವಲ್ಪ ಹೊತ್ತು ನನ್ನದು.

ಸಾಹೇಬರ ಹೆಂಡತಿ ಜಮೀಲಮ್ಮ ಬೆಳಿಗ್ಗೆಯೇ ಹೇಳಿದರು – ತಿಂಗಳ ಕೊನೆಯ ಶುಕ್ರವಾರ ಮಂಗಳೂರು ಕಡೆಯ ಹೆಂಗಸರೆಲ್ಲ ಒಂದು ವಿಲ್ಲಾದಲ್ಲಿ ಸೇರುತ್ತಾರಂತೆ. ಕನ್ನಡದ ಹಬ್ಬ. ಮಕ್ಕಳಿಗೆ ಫ್ಯಾನ್ಸಿ ಡ್ರೆಸ್. ಮಗಳು ಶಾಹಿನಾ ಹೋದ ವರ್ಷ ಗಿಳಿಯಾಗಿದ್ದಳು, ಪ್ರೈಜ್ ಬರಲಿಲ್ಲ. ಈ ಸಲ ಆಫ್ರಿಕಾದ ಕಾಡುಮನುಷ್ಯ.

"ಮೈಗೆ ಮಸಿ, ಸೊಂಟಕ್ಕೆ ನಾಲ್ಕು ಎಲೆ. ಎಂತ ದೊಡ್ಡ ಕೆಲಸ? ಕುಣಿಯಲಿಕ್ಕೆ ನೀನೇ ಕಲಿಸು ಝೈಬು. ನಿಮ್ಮ ಸಿದ್ದಿಗಳದ್ದು ಅದೇ ಅಲ್ವಾ?"

ಹೂಂ ಅಂದೆ. ಯಾವತ್ತೂ ಹೂಂ ಅನ್ನುವುದೇ.

ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು. ಅದಕ್ಕೇ ಕಷ್ಟ.

೧೧ ನವೆಂಬರ್

ಇಲ್ಲಿ ಗ್ಯಾಸ್ ಒಲೆ. ಪಾತ್ರೆಗೆ ಮಸಿ ಹಿಡಿಯುವುದಿಲ್ಲ. ಮೇಣದ ಬತ್ತಿ ಹಚ್ಚಿ ಮೇಲೆ ತಟ್ಟೆ ಹಿಡಿದೆ. ಕೆರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ನಾನೇ ಮಾಡಿದೆ, ನನ್ನ ಕೈಯಾರೆ.

ಶಾಹಿನಾಳ ಮುಂಗೈಗೆ ಹಚ್ಚಿ ನೋಡಿದೆ. ಅವಳು ತನ್ನ ಕೈಯನ್ನು ನನ್ನ ಕೈ ಪಕ್ಕ ಇಟ್ಟಳು.

"ಇಷ್ಟು ಸಾಕಾ ಝೈಬಕ್ಕ? ನಿಮ್ಮಷ್ಟು ಬೇಕಾ?"

ನಗಲಿಲ್ಲ ಅವಳು. ನಿಜವಾಗಿ ಕೇಳಿದ್ದು. ಬಟ್ಟೆ ತಂದು ಒರೆಸಿಬಿಟ್ಟೆ. ಎಣ್ಣೆ ಜಾಸ್ತಿಯಾಗಿದೆ ಅಂದೆ.

೧೪ ನವೆಂಬರ್, ಗುರುವಾರ

ರಜೆ. ಅಬ್ದುಲ್ ಬಾರಿ ಸಾಹೇಬರು ಮಗಳಿಗೆ ಪಾಠ ಹೇಳುತ್ತಿದ್ದರು. ಇಂಗ್ಲಿಷ್ ಪುಸ್ತಕ, ಚರಿತ್ರೆ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಲಿಕ್ ಅಂಬರ್ ಎಂಬ ಹೆಸರು ಕೇಳಿತು. ಗುಲಾಮನಾಗಿ ಬಂದವನು, ಅಹಮದ್‌ನಗರದ ಮಂತ್ರಿಯಾದ. ಅವನು ಬದುಕಿರುವವರೆಗೆ ಮೊಗಲರಿಗೆ ದಖ್ಖನ್ ಪೂರ್ತಿ ದಕ್ಕಲಿಲ್ಲ. ಅಬಿಸೀನಿಯದವನು ಎಂದು ಬರೆದಿತ್ತು. ಹಾಗಂದರೆ ಯಾವ ಊರು ಎಂದು ಶಾಹಿನಾ ಕೇಳಿದಳು.

"ಹಬಶ್ ದೇಶ. ಆಫ್ರಿಕಾ. ನಮ್ಮ ಝೈಬು ಉಂಟಲ್ಲ, ಇವಳ ಜನ."

ತಮಾಷೆಗೆ ಅಂದರು. ಚಹಾ ಇಟ್ಟು ಬರಬೇಕಾದವಳು ಅಲ್ಲೇ ನಿಂತೆ.

ಹಳಿಯಾಳದ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯಲ್ಲಿ ಈ ಹೆಸರು ಕೇಳಿದ್ದೆ. ಮಾಸ್ತರರು ಯುದ್ಧ ಹೇಳಿದರು. ಯಾವ ನಾಡಿನವನು ಎಂದು ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಇಬ್ಬರು ಸಿದ್ದಿ ಹುಡುಗಿಯರು ಕೂತಿದ್ದೆವು. ಹೇಳಿದ್ದರೆ ಆವತ್ತು ತಲೆ ಎತ್ತುತ್ತಿದ್ದೆವು.

ನಮ್ಮವರನ್ನು ಹಡಗಿನಲ್ಲಿ ಗೋವಾಕ್ಕೆ ತಂದದ್ದು, ತಪ್ಪಿಸಿಕೊಂಡು ಕಾಡು ಸೇರಿದ್ದು – ಅಜ್ಜಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಓಡದೆ ನಿಂತವನೂ ಒಬ್ಬ ಇದ್ದ ಹಾಗಾದರೆ.

ಸಂಜೆ ಸಾಹೇಬರನ್ನು ಕೇಳಿದೆ, ಅವನ ಬಗ್ಗೆ ಇನ್ನೇನು ಗೊತ್ತು ಎಂದು. ಈ ಎರಡು ವರ್ಷದಲ್ಲಿ ನಾನಾಗಿ ಮಾತಾಡಿದ್ದು ಇದೇ ಮೊದಲು. ಅವರಿಗೇ ಆಶ್ಚರ್ಯ. ಅರಬರ ಪೇಟೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾದದ್ದು, ದೊಡ್ಡವನಾಗಿ ಊರು ಕಟ್ಟಿದ್ದು, ನೆಲದಡಿ ಕಾಲುವೆ ತೋಡಿ ನೀರು ತಂದದ್ದು – ತಿಳಿದಷ್ಟು ಹೇಳಿದರು.

ಅರಬರ ಪೇಟೆ... ನಾನೂ ಈ ನೆಲದಲ್ಲೇ ಇದ್ದೇನೆ. ಆದರೆ ವೀಸಾ ಮೇಲೆ, ಸಂಬಳಕ್ಕೆ.

೨೦ ನವೆಂಬರ್, ಬುಧವಾರ

ಪಕ್ಕದ ಸೌದಿ ಮನೆಯಲ್ಲಿ ಮದರಂಗಿ. ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಜಮೀಲಮ್ಮನ ಜೊತೆ ಹೋದೆ. ಬರೀ ಹೆಂಗಸರು.

ಬಾರಿಸುವವರು ಬಂದರು. ನಾಲ್ಕು ಹೆಂಗಸರು. ನನ್ನದೇ ಬಣ್ಣ, ನನ್ನದೇ ಗುಂಗುರು ಕೂದಲು. ಸೌದಿಯವರೇ. ಮುಜುಗರದಿಂದ ನಾನು ಗೋಡೆಗೆ ಒತ್ತಿಕೊಂಡೆ. ಅವರು ನಡುವಿನ ಜಮಖಾನದ ಮೇಲೆ ಹೋಗಿ ಕೂತರು, ತಮ್ಮದೇ ಜಾಗ ಎಂಬಂತೆ. ಮನೆಯೊಡತಿಯೇ ಕಾವಾ, ಅರಬರ ಕಾಫಿ, ತಂದು ಕೊಟ್ಟಳು. ಇವರು ಬಾರಿಸದೆ ಮದುಮಗಳು ಕೋಣೆಯಿಂದ ಹೊರಗೆ ಕಾಲಿಡುವ ಹಾಗಿಲ್ಲವಂತೆ.

ಕೆಂಡದ ಮೇಲೆ ವಾದ್ಯಗಳ ತೊಗಲು ಕಾಯಿಸುತ್ತಿದ್ದರು. ನಮ್ಮಲ್ಲೂ ಡಮಾಮಿ ಡೋಲನ್ನು ಹಾಗೇ ಕಾಯಿಸುವುದು. ಒಂದರ ಸದ್ದು ಇನ್ನೂ ಮೆತ್ತಗಿತ್ತು. ಯಾವಾಗ ಎದ್ದು ಹೋದೆನೋ ತಿಳಿಯದು – ಅದನ್ನು ತೆಗೆದುಕೊಂಡು ಕೆಂಡಕ್ಕೆ ಹಿಡಿದೆ, ಬೆರಳಿನಿಂದ ತಟ್ಟಿ ನೋಡಿದೆ. ಹಿರಿಯಳು ನನ್ನ ಮುಖ ನೋಡಿದಳು. ಎಲ್ಲಿಯವಳು ಎಂದಳು. ಹಿಂದ್ ಎಂದೆ. ನಂಬಲಿಲ್ಲ. ಬಾರಿಸು ಎಂದು ಕೈ ಮಾಡಿದಳು.

ಅಜ್ಜಿಯ ಒಂದು ವರಸೆ ಬಾರಿಸಿದೆ. ಎರಡನೇ ಸುತ್ತಿಗೆ ಅವಳ ಕೈ ಸೇರಿಕೊಂಡಿತು. ಮೂರನೆಯದಕ್ಕೆ ನಾಲ್ವರೂ.

ಜಮೀಲಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

೨೧ ನವೆಂಬರ್, ಬೆಳಿಗ್ಗೆ

ಹೇಳಿದೆ. ದೋಸೆ ಮಗುಚುತ್ತಾ ಹೇಳಿದೆ, ಮುಖ ನೋಡಲು ಆಗಲಿಲ್ಲ. "ಅಮ್ಮಾರೀ, ಶಾಹಿನಾಗ ಮಸಿ ಹಚ್ಚೂದಿಲ್ರಿ ನಾ. ಎಲಿನೂ ಕಟ್ಟೂದಿಲ್ಲ. ಮಲಿಕ್ ಅಂಬರ್ ಮಾಡೋಣ್ರಿ. ಆಫ್ರಿಕಾದವನ ಅಂವಾ."

ಜಮೀಲಮ್ಮ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಅಂದರು –

"ಹೆಣ್ಣು ಹುಡುಗಿಗೆ ಗಡ್ಡ ಮೀಸೆಯಾ? ಇರಲಿ, ಅದು ಬೇರೆ. ಮಸಿ ಹಚ್ಚದೆ ಅವ ಹಬ್ಶಿ ಅಂತ ಜನರಿಗೆ ಹೇಗೆ ಗೊತ್ತಾಗ್ತದೆ ಮಾರಾಯ್ತಿ?"

"ನಾ ಹೇಳ್ತೀನ್ರಿ."

"ನೀನಾ? ಅಷ್ಟು ಜನರೆದುರು?"

"ಹೌದ್ರಿ."

"ಬಾಗಿಲಿಗೆ ಯಾರಾದ್ರೂ ಬಂದ್ರೆ ಪರದೆ ಹಿಂದೆ ಓಡುವವಳು ನೀನು."

ನಿಜ. ದೋಸೆ ಸೀದುಹೋಗಿತ್ತು. ಅದನ್ನು ನಾನೇ ತಿಂದೆ.

ಸಂಜೆ ಮತ್ತೆ ಕರೆದರು. ಒಪ್ಪಿದರು, ಒಂದು ಶರತ್ತಿನ ಮೇಲೆ. ಜನ ನಕ್ಕರೆ ಹೆಸರು ಹಾಳಾಗುವುದು ತಮ್ಮದು. ನಾನು ನಡುವೆ ತಡವರಿಸಿ ನಿಂತರೆ ಅಲ್ಲೇ ಮಗಳಿಗೆ ಮಸಿ ಬಳಿದು ಕುಣಿಸುತ್ತಾರಂತೆ. ಮಸಿಯ ಡಬ್ಬಿ ಅವರ ಚೀಲದಲ್ಲೇ ಇರುತ್ತದಂತೆ. ಆಗಲಿ ಅಂದೆ. ಇದು ಮೊದಲಿನ ಹೂಂ ಅಲ್ಲ.

೨೭ ನವೆಂಬರ್

ಫ್ರಿಜ್ಜಿನ ಮುಂದೆ ನಿಂತು ಹೇಳಿ ಹೇಳಿ ಅಭ್ಯಾಸ. ಫ್ರಿಜ್ ನಗುವುದಿಲ್ಲ. ಆದರೂ ಮೂರನೇ ಮಾತಿಗೆ ನಿಂತುಬಿಡುತ್ತೇನೆ. ಮಂತ್ರಿಯಾದದ್ದು, ಕಾಲುವೆ – ಎಲ್ಲ ಸಲೀಸು. ‘ನಾನೂ ಅವರ ಕಡೆಯವಳು’ ಎಂಬಲ್ಲಿ ದನಿ ಹೋಗುತ್ತದೆ. ಅದನ್ನು ಬಿಟ್ಟು ಉಳಿದದ್ದು ಹೇಳಿದರೆ ಸಾಕೇನೋ ಅನ್ನಿಸಿತು. ಸಾಲದು. ಅದಿಲ್ಲದೆ ಅದು ಬರೀ ಪಾಠ.

ಅದನ್ನೇ ಮೊದಲು ಹೇಳುತ್ತೇನೆ. ದನಿ ಇರುವಾಗಲೇ.

೨೯ ನವೆಂಬರ್, ಶುಕ್ರವಾರ. ಸಂಜೆ ಐದು

ವಿಲ್ಲಾದ ಪಕ್ಕದ ಕೋಣೆ. ಮಕ್ಕಳು, ತಾಯಂದಿರು, ಪೌಡರಿನ ವಾಸನೆ. ಸರದಿ ಬರುವವರೆಗೆ ಬರೆಯುತ್ತಿದ್ದೇನೆ.

ಶಾಹಿನಾಳ ಮುಖ ತೊಳೆದ ಹಾಗೇ ಇದೆ. ಸಾಹೇಬರ ಕೋಟು, ಕಾಗದದ ಕತ್ತಿ. ನಾನು ಕಟ್ಟಿದ ರುಮಾಲು ಜಾರಿತು. ಜಮೀಲಮ್ಮ ಬಿಚ್ಚಿ ತಮ್ಮ ರೇಷ್ಮೆ ದುಪಟ್ಟಾ ಕಟ್ಟಿದರು. ಮಸಿ ಡಬ್ಬಿಯ ಚೀಲ ಮಾತ್ರ ಅವರ ಕಂಕುಳಲ್ಲೇ ಇದೆ.

ಹೆಸರು ಬರೆದುಕೊಳ್ಳುವ ಹೆಂಗಸು ಬಂದಿದ್ದರು. ಯಾರು ಮಾತಾಡುವುದು ಎಂದರು. ಝೈಬುನ್ನಿಸಾ ಸಿದ್ದಿ ಎಂದೆ. ಸಿದ್ದಿ ಅಂದರೆ ಎಂತ ಎಂದರು. ಈಗ ಹೇಳ್ತೀನಲ್ರೀ ಎಂದೆ.

ಗಿಳಿ ಹೋಗಿ ಬಂತು. ವಕೀಲ ಹೋಗಿ ಬಂದ. ಒಳಗೆ ಚಪ್ಪಾಳೆ.

ಕರೆದರು... "ಜಮೀಲಮ್ಮನ ಮನೆಯ ಆಯಾ." ಏಳಲಿಲ್ಲ ನಾನು. ಶಾಹಿನಾ ನನ್ನ ಮುಖ ನೋಡುತ್ತಿದ್ದಾಳೆ. ಜಮೀಲಮ್ಮ ಬಾಗಿಲಿಗೆ ಹೋದರು, ತಲೆ ಹೊರಗೆ ಹಾಕಿ ಏನೋ ಹೇಳಿದರು.

ಈಗ ಮತ್ತೆ ಕರೆಯುತ್ತಿದ್ದಾರೆ. ನನ್ನ ಪೂರ್ತಿ ಹೆಸರು. ಎದ್ದೆ –