ಬಡಿಸುವವನ ಸರದಿ

ಜನವರಿ 19, ಸೋಮವಾರ

ಬೆಳಿಗ್ಗೆ ಬ್ರಹ್ಮಾವರ, ಸಂಜೆ ಬೈಂದೂರು, ಮಧ್ಯೆ ಕುಂಭಾಶಿಯಲ್ಲಿ ನಶೆ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವ ನಮ್ಮ ಸೆಂಟರ್. ಸ್ಕೂಟಿಗೆ ಬಾಯಿ ಇದ್ದಿದ್ದರೆ ನನ್ನನ್ನು ಬೈಯುತ್ತಿತ್ತು. ಸಂಕ್ರಾಂತಿ ಕಳೆದು ಮದುವೆ ಸೀಸನ್ ಶುರು, ಕ್ಯಾಟರಿಂಗ್ ಹುಡುಗರಿಗೆ ಬಿಡುವಿಲ್ಲ. ಆದರೂ ಯತೀಶ್, ನಿತೇಶ್, ರೂಪೇಶ್ ಮೂವರೂ ಬಂದರು. ಬಳಸಿದ ಸಿರಿಂಜು ಡಬ್ಬಿಗೆ ಹಾಕಿದರು, ಹೊಸದು ತೆಗೆದುಕೊಂಡರು. "ಅಕ್ಕ, ನಾವ್ ಒಬ್ರ್ ಸೂಜಿ ಒಬ್ರ್ ಮುಟ್ಟುದೇ ಇಲ್ಲ," ಅಂತ ಯತೀಶನ ಜಂಬ. ನನಗೂ ಜಂಬವೇ. ಚುಚ್ಚಿಕೊಳ್ಳುವುದು ಬಿಡುವುದು ಇವತ್ತಲ್ಲ ನಾಳೆ ಆದೀತು, ಅಲ್ಲಿಯವರೆಗೆ ಎಚ್‌ಐವಿ ಬರಬಾರದು. ಅದಕ್ಕೇ ನಾನಿರುವುದು.

ಅಮ್ಮನದು ಮತ್ತದೇ ರಾಗ: "ಸೂಜಿ ಕೊಟ್ಟ್ ಕೊಟ್ಟ್ ಮಕ್ಳನ್ ಹಾಳ್ ಮಾಡ್ತೆ ನೀ." ಹೆಲ್ಮೆಟ್ ಕೊಟ್ಟವರೇ ಆಕ್ಸಿಡೆಂಟ್ ಮಾಡಿಸುತ್ತಾರಾ ಅಂತ ಕೇಳಿದೆ. ಮಾತು ಬಿಟ್ಟಿದ್ದಾಳೆ. ಮನೆಯಲ್ಲಿ ಶಾಂತಿ.

ಜನವರಿ 27

ಯತೀಶನಿಗೆ ಪಾಸಿಟಿವ್. ಮತ್ತೊಮ್ಮೆ ನೋಡಿದರು, ಅದೇ. ಇಷ್ಟು ದಿನ ಟೆಸ್ಟ್ ಅಂದರೆ ಮದುವೆ, ಉಪನಯನ ಅಂತ ಜಾರಿಕೊಳ್ಳುತ್ತಿದ್ದ. ಮುಂಬೈ ಹೋಟೆಲಿನಲ್ಲಿದ್ದಾಗ ಎಲ್ಲರೂ ಒಂದೇ ಸೂಜಿ ಹಂಚಿಕೊಳ್ಳುತ್ತಿದ್ದರಂತೆ. ಅಲ್ಲಿಯದೇ ಇರಬೇಕು.

ಗಟ್ಟಿ ಹುಡುಗ. ಗೆಳೆಯರಿಬ್ಬರಿಗೂ ತಾನೇ ಹೇಳಿದ. ಅವರದು ಸದ್ಯಕ್ಕೆ ನೆಗೆಟಿವ್, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಬೇಕು. ಸೂಜಿ ಬೇರೆ ಬೇರೆ ಇತ್ತಲ್ಲ, ಭಯವಿಲ್ಲ ಅಂದೆ. ಆದರೂ ಮನಸ್ಸು ಕೇಳಲಿಲ್ಲ. ಮೂವರು ಕೂತಾಗ ಏನು ಮಾಡುತ್ತೀರಿ, ಬರೀ ನೀರಿನಲ್ಲಿ ಮಾಡಿ ತೋರಿಸು ಅಂತ ಯತೀಶನಿಗೆ ಹೇಳಿದೆ.

ತೋರಿಸಿದ. ಒಂದೇ ಲೋಟ. ತನ್ನ ಸಿರಿಂಜಿನಲ್ಲಿ ಎಳೆದು, ಗೆರೆ ನೋಡಿ ಅಳೆದು, ಅವರಿಬ್ಬರ ಸಿರಿಂಜಿಗೆ ಪಾಲು ಹಾಕಿದ. "ಒಬ್ರಿಗೆ ಹೆಚ್ಚ್ ಒಬ್ರಿಗೆ ಕಮ್ಮಿ ಆಪುಕಾಗ ಅಕ್ಕ. ಪಂಕ್ತಿಭೇದ ಮಾಡುಕಾಗ. ಬಡ್ಸು ಕೈ ನಂದಲ್ದಾ..."

ಹೇಳುತ್ತಿದ್ದವನು ನನ್ನ ಮುಖ ನೋಡಿ ನಿಲ್ಲಿಸಿದ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟ.

"ಅಂದ್ರೆ ನಾನೇ ಬಡ್ಸಿದ್ದಾ ಅಕ್ಕ? ಇವ್ರಿಗೆ?"

ಸೂಜಿ ಬೇರೆ ಬೇರೆ ಸರಿ. ಆದರೆ ಒಮ್ಮೆ ಚುಚ್ಚಿಕೊಂಡು ರಕ್ತ ತಾಗಿದ ಅವನ ಸಿರಿಂಜೇ ಎರಡನೇ ಸುತ್ತಿಗೆ ಎಲ್ಲರ ಪಾಲಿನೊಳಗೂ ಹೋಗಿ ಬರುತ್ತಿತ್ತು.

ಫೆಬ್ರವರಿ 4

ಇನ್ನು ಎಲ್ಲೇ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಪಾಲು ಮಾಡುವವರು ಯಾರು, ಯಾವುದರಲ್ಲಿ? ಲೋಟ ಬೇರೆ, ನೀರು ಬೇರೆ, ಸೋಸುವ ಹತ್ತಿ ಬೇರೆ. ನಿನ್ನೆ ಬೈಂದೂರಿನಲ್ಲಿ ಕೇಳಿದರೆ ಅಲ್ಲೂ ಒಬ್ಬ ಬಡಿಸುವವನಿದ್ದ. ಸರಿ ಮಾಡಿಸಿದೆ. ಇದು ನನ್ನಿಂದ ಆಗುವ ಕೆಲಸ, ಮಾಡಿಯೇ ಮಾಡುತ್ತೇನೆ.

ಆದರೆ ಯತೀಶ್! ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಬಾಟಲಿಯ ಸೀಲು ಇನ್ನೂ ಒಡೆದಿಲ್ಲ.

"ಬಡ್ಸಿದವ ಕಡಿಗೆ ಉಂಬುದ್ ಅಕ್ಕ. ಅವ್ರಿಬ್ರದ್ ಗೊತ್ತಾಯ್ಲಿ, ಮತ್ತೆ ನಂದ್."

"ಮಂಡೆ ಸಮ ಇತ್ತಾ ನಿಂಗೆ? ಮೂರ್ ತಿಂಗ್ಳ್ ಉಪಾಸ ಕೂಕಂತ್ಯಾ?"

"ಹೌದ್."

ದಿನಾ ಒಂದು ಮಾತ್ರೆ ತಿಂದರೆ ಎಲ್ಲರ ಹಾಗೆ ಬದುಕಬಹುದು. ಎಷ್ಟು ಸಲ ಹೇಳುವುದು? ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡು ಎದ್ದು ಹೋದ.

ಫೆಬ್ರವರಿ 13

ಫೋನ್ ಎತ್ತುವುದಿಲ್ಲ. ಹುಡುಕಿಕೊಂಡು ಕೊಲ್ಲೂರಿಗೇ ಹೋದೆ. ಛತ್ರದಲ್ಲಿ ಮದುವೆ, ಇವನು ಪಾಯಸದ ಬಕೆಟು ಹಿಡಿದು ಪಂಕ್ತಿಯಲ್ಲಿ. ಕರೆಯದ ಮದುವೆಯಲ್ಲಿ ಎಲೆ ಹಿಡಿದು ಕೂತೆ. ನನ್ನ ಎದುರು ಬಂದಾಗ ಸೌಟು ಎತ್ತಲು ಹಿಂದೆ ಮುಂದೆ ನೋಡಿದ. "ಹ್ವಾಯ್, ಹಾಕ್," ಅಂದೆ. ಎರಡು ಸಲ ಹಾಕಿಸಿಕೊಂಡು ಉಂಡೆ. ಊಟದಿಂದ ಬರುವ ಕಾಯಿಲೆಯಲ್ಲ ಇದು, ಅದು ಅವನಿಗೂ ಗೊತ್ತು.

ಸೊರಗಿದ್ದಾನೆ. ಜ್ವರ ಬಂದು ಹೋಗಿದೆಯಂತೆ. ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಹಿಂತಿರುಗುವಾಗ ನಿತೇಶನಿಗೆ ಫೋನ್ ಮಾಡಿದೆ: ನನ್ನ ಮಾತು ನಾಟುವುದಿಲ್ಲ, ನಿಮ್ಮಿಬ್ಬರದೇ ನಾಟಬೇಕು.

"ನೀವ್ ಸುಮ್ನಿರಿ ಅಕ್ಕ. ಅವ್ನ್ ನಾವ್ ಕಂಡ್ಕಂತೊ."

ಫೆಬ್ರವರಿ 15, ಸಂಜೆ

ಹೇಳಿದಂತೆ ನೋಡಿಕೊಂಡರು. ಬೈಕಿನಲ್ಲಿ ಯತೀಶನನ್ನು ಮಧ್ಯೆ ಕೂರಿಸಿ ಸೆಂಟರಿಗೆ ತಂದರು. ಹಿಡಿದು ತಂದರು ಅನ್ನುವುದೇ ಸರಿ. ರೂಪೇಶನ ಕೈಯಲ್ಲಿ ಬುತ್ತಿ ಚೀಲ. ನಿತೇಶ್ ನೆಲದ ಮೇಲೆ ಬಾಳೆ ಎಲೆ ಹಾಸಿದ.

"ಕೂಕೋ."

"ಎಂತ ತಮಾಷಿ ಇದ್?"

"ತಮಾಷಿ ಅಲ್ಲ. ನಮ್ಮಿಬ್ರದ್ ಉಂಡಾಯ್ತ್. ಬಾಕಿ ನೀ ಒಬ್ನೆ. ಇವತ್ತ್ ನಾ ಬಡ್ಸುದ್."

"ನಿಮ್ದ್ ಇನ್ನೂ ಗೊತ್ತಾಯ್ಲಿಲ್ಲ ಅಲ್ದಾ..."

"ಎಂತ ಬತ್ತೋ ಬರ್ಲಿ," ರೂಪೇಶ್ ರೇಗಿದ. "ಬಂದ್ರೆ ನಾವೂ ಮಾತ್ರೆ ತಿಂತೊ. ನೀ ಉಪಾಸ ಬಿದ್ರೆ ನಮ್ಗೆ ಉಂಡದ್ದ್ ಮೈಗೆ ಹತ್ತುತ್ತಾ ಮಾರಾಯ?"

ನಾನು ಒಂದು ಲೋಟ ನೀರು ತಂದು ಎಲೆಯ ಪಕ್ಕ ಇಟ್ಟೆ.

ಯತೀಶ್ ಎಲೆಯ ಮುಂದೆ ಕೂತ. ನಿತೇಶ್ ಅನ್ನ ಬಡಿಸಿದ, ಸಾರು ಬಡಿಸಿದ. ಚೀಲದಲ್ಲಿ ತಂದಿದ್ದ ಯತೀಶನ ಬಾಟಲಿಯ ಸೀಲು ಒಡೆದು, ಉಪ್ಪು ಬಡಿಸುವ ತುದಿಯಲ್ಲಿ ಒಂದು ಮಾತ್ರೆ ಇಟ್ಟ. ಯತೀಶ್ ಅಂಗೈಗೆ ನೀರು ಹಾಕಿಕೊಂಡು ಎಲೆಯ ಸುತ್ತ ಬಿಟ್ಟ. ಮಾತ್ರೆ ಎತ್ತಿದ. ನುಂಗಿದ.

ನಿತೇಶ್ ಸೌಟು ಹಿಡಿದು ನಿಂತೇ ಇದ್ದ. "ಇನ್ನೆಂತ ಬೇಕ್?"

ಯತೀಶ್ ತಲೆ ಎತ್ತಲಿಲ್ಲ. "ನಾಳಿಗೂ ಬಡ್ಸುಕ್ ಬತ್ತ್ಯಾ?"

ಸೌಟು ಕೆಳಗಿಟ್ಟು ನಿತೇಶ್ ಅಳಲು ಶುರು ಮಾಡಿದ. ಆಮೇಲೆ ರೂಪೇಶ್. ನಾನಂತೂ—