ಕೆಂಪು ಬಿಲ್ಲೆ ಹಾಕಿದವಳನ್ನು ಮತ್ತೆ ಬಸ್ ಹತ್ತಿಸಿ

ಸಾರಿಗೆ ಸಂಸ್ಥೆಯ ತರಬೇತಿ ಮತ್ತು ಮನೋಸ್ಥೈರ್ಯ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಮನೆಯ ಹುಡುಗಿಯೊಬ್ಬಳು ನಿಮ್ಮ ಮಾತನ್ನು ನಂಬಿ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಾಳೆ. ಗೋಡೆಯ ಮೇಲೆ ಬರೆದದ್ದನ್ನೆಲ್ಲ ನಂಬಬಾರದೆಂದು ನಾವು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ಪಾಠವನ್ನು ನೀವು ಕಲಿಸುತ್ತಿದ್ದೀರಿ, ಸಂತೋಷ. ಆದರೆ ಶುಲ್ಕ ಸ್ವಲ್ಪ ಜಾಸ್ತಿಯಾಯಿತು. ಮುಂದಿನ ಸೋಮವಾರ ಅವಳನ್ನು ಉಳಿಸಿಕೊಳ್ಳಬೇಕೋ ಕಳಿಸಬೇಕೋ ಎಂದು ನೀವು ನಿರ್ಧರಿಸಲಿದ್ದೀರಂತೆ. ಕಚೇರಿಗೆ ಬಂದು ಹೇಳೋಣವೆಂದರೆ ನೀವು ಸಭೆಯಲ್ಲಿರುತ್ತೀರಿ. ಸಭೆ ಮುಗಿದ ಮೇಲೆ ಬಂದರೆ ಸಭೆಯ ದಣಿವಿನಲ್ಲಿರುತ್ತೀರಿ. ನನಗೂ ದಣಿವಾಗಿದೆ. ಹಾಗಾಗಿ ಊರಿನ ಮುಂದೆಯೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಈಕೆ ನನ್ನ ತಮ್ಮನ ಮಗಳು. ಮನೆಯಲ್ಲಿ ಅವಳನ್ನು ಕರೆಯುವುದು ‘ಹಾರ್ನು’ ಎಂದು. ತೊಟ್ಟಿಲಲ್ಲಿದ್ದಾಗಲೇ ಬೀದಿಯ ಆ ತುದಿಯವರನ್ನು ಎಬ್ಬಿಸುತ್ತಿದ್ದಳು. ಹಸಿವಾದರೆ ಕೂಗು, ಸಿಟ್ಟು ಬಂದರೆ ಕೂಗು, ಖುಷಿಯಾದರಂತೂ ಕಿವಿ ಮುಚ್ಚಿಕೊಳ್ಳಬೇಕು. ಅಂಥವಳು ಬಸ್ ಚಾಲಕಿಯಾಗಿ ತರಬೇತಿಗೆ ಸೇರಿದಾಗ, ಕೊನೆಗೂ ಹಾರ್ನು ಇರಬೇಕಾದ ಕಡೆಯೇ ಹೋಯಿತು ಎಂದು ನಾವೆಲ್ಲ ನಕ್ಕೆವು.

ಸೇರಿದ ವಾರವೇ ನಿಮ್ಮ ಕಾರ್ಯಾಗಾರ. ನಿಮ್ಮ ಡಿಪೋದಲ್ಲಿ ಮೊದಲೇ ಒಂದು ಕಾರ್ಯಾಗಾರವಿದೆ, ಅಲ್ಲಿ ಬಸ್ಸುಗಳನ್ನು ರಿಪೇರಿ ಮಾಡುತ್ತಾರೆ. ಅದರ ಎದುರಿಗೇ ನೀವು ಮನಸ್ಸುಗಳದ್ದನ್ನು ತೆರೆದಿರಿ. ಇಸ್ತ್ರಿ ಮುರಿಯದ ಅಂಗಿಯ ಭಾಷಣಕಾರರೊಬ್ಬರು ಬಂದು, “ಯುವಜನರೇ, ನಿಮ್ಮನ್ನು ನೀವು ಅರಿಯಿರಿ. ಒಳದನಿಗೆ ಕಿವಿಗೊಡಿ. ಸ್ಥೈರ್ಯ ಹುಟ್ಟುವುದು ಅಲ್ಲೇ” ಎಂದರು. ಆಮೇಲೆ ಡ್ಯೂಟಿ ಕೋಣೆಯ ಗೋಡೆಗೆ ಒಂದು ಫಲಕ ಬಂತು. ಒಬ್ಬೊಬ್ಬರಿಗೆ ಒಂದೊಂದು ಕೊಕ್ಕೆ, ಕೆಳಗೆ ಡಬ್ಬದ ತುಂಬ ಬಣ್ಣದ ಬಿಲ್ಲೆಗಳು. ಬೆಳಿಗ್ಗೆ ಬಸ್ಸಿನ ಕೀಲಿ ತೆಗೆದುಕೊಳ್ಳುವ ಮೊದಲು ಮನಸ್ಸು ನೆಟ್ಟಗಿದ್ದರೆ ಹಸಿರು ಬಿಲ್ಲೆ, ಅಷ್ಟಕ್ಕಷ್ಟೇ ಇದ್ದರೆ ಹಳದಿ, ಇವತ್ತು ಆಗದು ಎನಿಸಿದರೆ ಕೆಂಪು. ಮೇಲೆ ದಪ್ಪ ಅಕ್ಷರದಲ್ಲಿ: ‘ನಿಜ ಹೇಳಿ, ನಿರಾಳವಾಗಿರಿ.’

ಮೊದಲ ದಿನದಿಂದ ಎಲ್ಲ ಕೊಕ್ಕೆಗಳಲ್ಲೂ ಹಸಿರೇ. ಹೆಂಡತಿಯೊಡನೆ ಜಗಳವಾಡಿ ಬಂದವನದ್ದೂ ಹಸಿರು, ಮಗುವಿನ ಜ್ವರದಲ್ಲಿ ನಿದ್ದೆಗೆಟ್ಟವಳದ್ದೂ ಹಸಿರು. ಅಷ್ಟೊಂದು ಹಸಿರನ್ನು ಮೇಯಲು ದನಗಳಿಲ್ಲದ್ದೊಂದೇ ಕೊರತೆ.

ಕಳೆದ ತಿಂಗಳು ನಮ್ಮ ಹಾರ್ನು ಬಸ್ ತಂದು ನಿಲ್ದಾಣದಲ್ಲಿ ನಿಲ್ಲಿಸುವಾಗ ಒಬ್ಬ ಅಜ್ಜ ಕಾಲು ಜಾರಿ ಚಕ್ರದ ಮುಂದೆಯೇ ಬಿದ್ದರು. ಅವಳು ಬ್ರೇಕ್ ತುಳಿದಳು, ಬಸ್ ನಿಂತಿತು. ಅಜ್ಜ ಎದ್ದು ಪಂಚೆ ಕೊಡವಿ, ಅವಳಿಗೇ ಬೈದು ಹೋದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಫಲಕದ ಮುಂದೆ ನಿಂತು, ಕೆಂಪು ಬಿಲ್ಲೆಯನ್ನು ಕೊಕ್ಕೆಗೆ ಸಿಕ್ಕಿಸಿದಳು.

ಡ್ಯೂಟಿ ಹಂಚುವ ಕಂಟ್ರೋಲರ್ ಲೋಟ ಕೆಳಗಿಟ್ಟರಂತೆ.

“ಏನಮ್ಮಾ ಇದು? ಕೈತಪ್ಪಿ ಹಾಕಿದ್ಯಾ?”

“ಇಲ್ಲ ಸರ್. ಇವತ್ತು ಬಸ್ ಬೇಡ. ಬೇರೆ ಏನಾದ್ರೂ ಕೆಲ್ಸ ಕೊಡಿ.”

“ಜ್ವರಾನಾ?”

“ಇಲ್ಲ. ಕಣ್ಣು ಮುಚ್ಚಿದ್ರೆ ಆ ಅಜ್ಜಾನೇ ಕಾಣ್ತಾರೆ. ಇವತ್ತು ನನ್ ಕಾಲು ಬ್ರೇಕಿಗೆ ಒಂಚೂರು ತಡವಾಗಿ ಹೋಗುತ್ತೆ ಸರ್. ಹೆಂಗೆ ಅಂತ ಹೇಳಕ್ಕಾಗಲ್ಲ, ಗೊತ್ತಾಗ್ತಿದೆ.”

“ಅಯ್ಯೋ ತಾಯಿ, ಆ ಬೋರ್ಡು ಸಾಹೇಬ್ರು ಬಂದಾಗ ಫೋಟೋ ತೆಗ್ಸೋಕೆ ಕಣೇ! ಕೆಂಪು ಯಾರಾದ್ರೂ ಹಾಕ್ತಾರಾ? ಹಸಿರು ನೇತಾಕಿ ಹೋಗ್ತಾ ಇರು.”

“ಹಾಗಾದ್ರೆ ಕೆಂಪು ಬಿಲ್ಲೆ ಯಾಕೆ ಮಾಡಿಸಿದ್ರು ಸರ್?”

ಕಂಟ್ರೋಲರ್ ಮತ್ತೆ ಲೋಟ ಎತ್ತಿಕೊಂಡರಂತೆ. ಈ ಪ್ರಶ್ನೆಗೆ ನಿಮ್ಮ ಬಳಿ ಉತ್ತರವಿದೆಯೇ?

ಆ ದಿನ ಬೇರೊಬ್ಬ ಚಾಲಕರು ಆ ಬಸ್ ಒಯ್ದು ಸುರಕ್ಷಿತವಾಗಿ ತಂದು ನಿಲ್ಲಿಸಿದರು. ಅದನ್ನೇ ನೀವು ಅವಳ ವಿರುದ್ಧ ಹಿಡಿದು ಕಡತದಲ್ಲಿ ಷರಾ ಬರೆದಿರಿ: ‘ಬಸ್ಸಿನಲ್ಲಿ ದೋಷವಿರಲಿಲ್ಲ, ಅನಾಹುತವೂ ಆಗಲಿಲ್ಲ, ತರಬೇತಿ ಚಾಲಕಿಯಲ್ಲಿ ಭಾವನಾತ್ಮಕ ಸ್ಥೈರ್ಯದ ಕೊರತೆ ಕಂಡುಬಂದಿದೆ.’ ಮಾನ್ಯರೇ, ಬಸ್ಸಿನಲ್ಲಿ ದೋಷವಿದೆಯೆಂದು ಅವಳು ಹೇಳಿದ್ದು ಯಾವಾಗ? ಅನಾಹುತ ಆಗಲಿಲ್ಲವಲ್ಲ ಎಂದು ದೂರುವ ಅಧಿಕಾರಿಯನ್ನು ನಾನು ಇದೇ ಮೊದಲು ನೋಡುತ್ತಿದ್ದೇನೆ. ಆಗಬಾರದೆಂದೇ ಅಲ್ಲವೇ ಆ ಹುಡುಗಿ ಎಲ್ಲರ ಮುಂದೆ ನಗೆಪಾಟಲಾದದ್ದು?

ನಿಮ್ಮದೇ ಡಿಪೋದಲ್ಲಿ ಬಸ್ಸೊಂದು ‘ಕಿರ್’ ಎಂದರೆ ಸಾಕು, ರಸ್ತೆಗೆ ಬಿಡುವುದಿಲ್ಲ. ಕೆಳಗೆ ಮಲಗಿ ನೋಡುತ್ತಾರೆ, ತಟ್ಟಿ ನೋಡುತ್ತಾರೆ, ಸರಿಯಾದ ಮೇಲೆ ಕಳಿಸುತ್ತಾರೆ. ಕಿರ್ ಎಂದ ಬಸ್ಸಿಗೆ ಧೈರ್ಯ ಸಾಲದು ಎಂದು ಯಾರೂ ಷರಾ ಬರೆಯುವುದಿಲ್ಲ. ಬಸ್ಸಿಗಿರುವ ಈ ಮರ್ಯಾದೆ ಅದನ್ನು ಓಡಿಸುವವಳಿಗೆ ಇಲ್ಲವೇ? ಸ್ಥೈರ್ಯವೆಂದರೆ ಕಣ್ಣು ಕತ್ತಲಿಟ್ಟರೂ ಸ್ಟೇರಿಂಗ್ ಬಿಡದಿರುವುದು ಎಂದು ನೀವು ತಿಳಿದಂತಿದೆ. ಹಾಗೆ ತಿಳಿದವರ ಬಸ್ಸಿನಲ್ಲಿ ದಿನವೂ ಕೂರುವವನು ನಾನು. ನನ್ನ ಸ್ಥೈರ್ಯಕ್ಕೂ ಒಂದು ಪ್ರಮಾಣಪತ್ರ ಕೊಡಿಸಿ.

ಕೆಂಪು ಬಿಲ್ಲೆ ಹಾಕಿದವಳು ಮನೆಗೆ ಬಂದು ಮುಸುಕೆಳೆದು ಮಲಗಲಿಲ್ಲ. ಬೆಳಿಗ್ಗೆಯೆಲ್ಲ ಟೈರಿನ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡಳು. ಮಧ್ಯಾಹ್ನ, ಹಿಂದಿನ ಅಂಗಳದಲ್ಲಿ ನಿಂತಿದ್ದ ಖಾಲಿ ಬಸ್ ಹತ್ತಿ ಚಾಲಕರ ಸೀಟಿನಲ್ಲಿ ಕೂತು ಬ್ರೇಕ್ ತುಳಿಯತೊಡಗಿದಳು. ತುಳಿಯುವುದು, ಬಿಡುವುದು, ಕಣ್ಣು ಮುಚ್ಚಿ ಅಜ್ಜನನ್ನು ನೆನೆಯುವುದು, ಮತ್ತೆ ತುಳಿಯುವುದು. ಯಾರೂ ಹೇಳಿಕೊಟ್ಟದ್ದಲ್ಲ. ಮನೆಗೆ ಬಂದು, “ದೊಡ್ಡಪ್ಪಾ, ಕಾಲು ವಾಪಸ್ ಬಂತು!” ಎಂದು ಬೀದಿಗೆಲ್ಲ ಕೇಳುವಂತೆ ಸಾರಿ, ಎರಡು ಪಾಲು ಊಟ ಮಾಡಿ ಮಲಗಿದಳು. ನಿಮ್ಮ ಭಾಷಣಕಾರರು ಹೇಳಿದ್ದು ಇದನ್ನೇ ತಾನೇ? ಮರುದಿನ ಬೆಳಿಗ್ಗೆ ನಿಜವಾದ ಹಸಿರು ಬಿಲ್ಲೆ ಹಾಕಲು ಹೋದರೆ, ಫಲಕದಲ್ಲಿ ಅವಳ ಕೊಕ್ಕೆಯನ್ನೇ ಕಿತ್ತಿದ್ದರು.

ಅಂದಿನಿಂದ ಅವಳು ನಿಮ್ಮ ಕಾರ್ಯಾಗಾರದಲ್ಲಿ ಎರಡನೇ ಬಾರಿ ಕೂತಿದ್ದಾಳೆ. ಅದೇ ಭಾಷಣಕಾರರು, ಅದೇ ಒಳದನಿ. ಜೊತೆಯ ತರಬೇತಿಯವರು ದಾರಿಯಲ್ಲಿ ಸಿಕ್ಕರೆ, “ಏನೇ ಕೆಂಪಮ್ಮಾ, ಇನ್ನೂ ಬುದ್ಧಿ ಬರ್ಲಿಲ್ವಾ?” ಎಂದು ಕಿಚಾಯಿಸುತ್ತಾರೆ. ಬುದ್ಧಿ ಬಂದಿದೆ. ನನಗೆ ಭಯವಾಗಿರುವುದೇ ಅದಕ್ಕೆ. ನಿನ್ನೆ ಸಂಜೆ ಅವಳು ಬಂದು ಚಪ್ಪಲಿ ಬಿಟ್ಟು ಸುಮ್ಮನೆ ಒಳಗೆ ಹೋದಳು. “ಹೇಗಿದ್ದೀಯೇ?” ಎಂದೆ. “ಚೆನ್ನಾಗಿದ್ದೀನಿ ದೊಡ್ಡಪ್ಪ” ಎಂದಳು, ಮೆಲ್ಲಗೆ, ನಗುತ್ತ. ಅಡುಗೆಮನೆಯಲ್ಲಿದ್ದ ಅವಳಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದು ನನ್ನ ಮುಖ ನೋಡಿದಳು. ಮನೆಯಲ್ಲಿ ಆ ಹುಡುಗಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾವಿಬ್ಬರೂ ಕೇಳಿರಲಿಲ್ಲ. ಅದು ಹಸಿರು ಬಿಲ್ಲೆ, ಮಾನ್ಯರೇ. ನಮ್ಮ ಮನೆಯಲ್ಲಿ ನೇತುಬಿದ್ದ ಮೊದಲ ಹಸಿರು ಬಿಲ್ಲೆ. ಚಾಲಕಿಯಾಗಲು ಬಂದವಳಿಗೆ ನೀವು ಚಾಲಾಕಿಯಾಗುವುದನ್ನು ಕಲಿಸಿಬಿಟ್ಟಿರಿ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರ ಆ ಷರಾ ಹೊಡೆದುಹಾಕಿ ಅವಳ ಕೊಕ್ಕೆಯನ್ನು ಇದ್ದಲ್ಲೇ ಬಡಿಯಿರಿ, ಬಸ್ಸಿನ ಕೀಲಿ ಕೊಡಿ. ಕೆಂಪು ಹಾಕಿದವರಿಗೆ ಆ ದಿನ ಬೇರೆ ಕೆಲಸ, ಬೇರೇನೂ ಇಲ್ಲ ಎಂದು ಫಲಕದ ಕೆಳಗೆ ಬರೆಸಿ, ನಿಮ್ಮ ಸಹಿ ಹಾಕಿ. ಅದಾಗದಿದ್ದರೆ ಡಬ್ಬದಿಂದ ಕೆಂಪು ಬಿಲ್ಲೆಗಳನ್ನು ತೆಗೆದುಬಿಡಿ. ಕೊನೇಪಕ್ಷ ಮಕ್ಕಳು ಮೋಸಹೋಗುವುದಿಲ್ಲ. ಮತ್ತು ಅವಳು ಬಸ್ ತೆಗೆಯುವ ದಿನ ಬೆಳಿಗ್ಗೆ ನಿಲ್ದಾಣಕ್ಕೆ ಬನ್ನಿ. ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ತಿರುವಿನಲ್ಲಿ ಅವಳು ಜೋರಾಗಿ ಹಾರ್ನ್ ಹೊಡೆದರೆ ದಯವಿಟ್ಟು ಬೈಯಬೇಡಿ. ಅದನ್ನು ಕೇಳಲೆಂದೇ ನಾನು ಕೂತಿರುತ್ತೇನೆ.

ಇಂತಿ,
ಒಬ್ಬ ಚಾಲಕಿಯ ದೊಡ್ಡಪ್ಪ, ನಿಮ್ಮ ಬಸ್ಸುಗಳ ಹಳೆಯ ಪ್ರಯಾಣಿಕ
(ಇವತ್ತಿನ ಬಿಲ್ಲೆ: ಹಳದಿ. ಸೋಮವಾರದ್ದು ನಿಮ್ಮ ಕೈಯಲ್ಲಿದೆ.)