ಬಲಗಡೆ ಕೆಳದವಡೆ

ಮಾರ್ಚ್ 4, ಮಂಗಳವಾರ. ಬೆಳಗ್ಗೆ

ಮತ್ತೆ ಕೆಟ್ಟ ಕನಸು. ದೇಶದ ಅಧ್ಯಕ್ಷರು ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಬಂದಿದ್ದರು. ಕುರ್ಚಿಯ ಮೇಲೆ ಮಲಗಿದ್ದಾರೆ, ಎದೆಯ ಮೇಲೆ ನಾನೇ ಕಟ್ಟಿದ ನೀಲಿ ಬಟ್ಟೆ. ಡಾಕ್ಟರು ಬಾಯಿ ತೆರೆಯಿರಿ ಅನ್ನುತ್ತಾರೆ, ಅವರು ತೆರೆಯುವುದಿಲ್ಲ. ಹೊರಗೆ ಬೆಂಚಿನ ಮೇಲೆ ಊರಿನ ಹುಡುಗರೆಲ್ಲ ಟೋಕನ್ ಹಿಡಿದು ಕೂತಿದ್ದಾರೆ. ಇವರು ಬಾಯಿ ಬಿಟ್ಟರೆ ಅವರು ಮನೆಗೆ ಹೋಗಬಹುದೋ ಇಲ್ಲವೋ ಗೊತ್ತಾಗಬೇಕು. ನಾನು ಲೈಟು ಹಿಡಿದು ನಿಂತೇ ಇದ್ದೇನೆ... ಕೈ ಸೋತು ಎಚ್ಚರವಾಯಿತು. ತೋಳು ಮೈಕೆಳಗೆ ಸಿಕ್ಕಿ ಜೋಮು ಹಿಡಿದಿತ್ತು, ಅಷ್ಟೇ. ಆದರೂ.

ಇವತ್ತು ಸಂಜೆ ಟಿವಿಯಲ್ಲಿ ಮಾತಾಡುತ್ತಾರಂತೆ. ಆ ದೂರದ ದೇಶದ ಮೇಲೆ ಯುದ್ಧವೋ ಅಲ್ಲವೋ, ಹೇಳುತ್ತಾರಂತೆ. ನನ್ನ ತಮ್ಮ ಸೇನೆಯ ಮೀಸಲು ಪಡೆಯಲ್ಲಿದ್ದಾನೆ. ವಾರವೆಲ್ಲ ಲಿಫ್ಟ್ ರಿಪೇರಿ, ತಿಂಗಳಿಗೊಂದು ಭಾನುವಾರ ಕವಾಯತು. ಪ್ರವಾಹ ಬಂದರೆ ದೋಣಿ ನಡೆಸುವುದು, ಅದೇ ಕೆಲಸ ಅಂತ ಸೇರುವಾಗ ಹೇಳಿದ್ದ. ನಾನು ನಂಬಿದೆ. ಅಮ್ಮನೂ ನಂಬಿದಳು.

ಕ್ಲಿನಿಕ್ಕಿಗೆ ಹೋಗಿ ಸಾಮಾನು ಕುದಿಸಲು ಇಡಬೇಕು. ಹೊತ್ತಾಯಿತು.

ಮಾರ್ಚ್ 5, ಬುಧವಾರ

ಬರೀ ವಿಮಾನವಂತೆ. ಮೇಲಿಂದ ಹೊಡೆದು ವಾಪಸ್ಸು. ನಮ್ಮ ಒಬ್ಬ ಸೈನಿಕನೂ ಆ ನೆಲದ ಮೇಲೆ ಕಾಲಿಡುವುದಿಲ್ಲ ಎಂದು ಅಧ್ಯಕ್ಷರು ಎರಡು ಸಲ ಹೇಳಿದರು. ಎರಡು ಸಲ ಯಾಕೆ? ಒಂದೇ ಸಲ ಹೇಳಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಡಾಕ್ಟರು ಅಧ್ಯಕ್ಷರ ಕಡೆಯವರು. ಬಾಯಿಗೆ ಹತ್ತಿ ತುರುಕಿದ ಮೇಲೇ ರಾಜಕೀಯ ಕೇಳುವುದು ಅವರ ಅಭ್ಯಾಸ. ಅಧ್ಯಕ್ಷರು ಮಾಡಿದ್ದು ಸರಿ ತಾನೇ ಅನ್ನುತ್ತಾರೆ. ರೋಗಿ ಆಂ ಆಂ ಅನ್ನುತ್ತಾನೆ. ಒಪ್ಪಿದ ಅಂತ ಲೆಕ್ಕ. ಹೀಗೆ ನಮ್ಮ ಬೀದಿಗೆ ಬೀದಿಯೇ ಯುದ್ಧದ ಪರ.

ರಿಟೈರಾದ ಮೇಷ್ಟ್ರು ಬಂದಿದ್ದರು, ಹಲ್ಲಿನ ಸೆಟ್ ಚುಚ್ಚುತ್ತದೆ ಎಂದು. ಡಾಕ್ಟರಿಗೆ ಅವರೇ ಸರಿಯಾದ ಜೋಡಿ. ಆ ದೇಶದವರು ದುಷ್ಟರೇ ಇರಲಿ, ಸಂಸತ್ತನ್ನು ಒಂದು ಮಾತು ಕೇಳದೆ ಒಬ್ಬನೇ ಕೂತು ಬಾಂಬು ಹಾಕಿಸುವುದು ಯಾವ ನ್ಯಾಯ ಎಂದು ಶುರು ಮಾಡಿದರು. ಡಾಕ್ಟರು ಮೆಲ್ಲಗೆ ಅವರ ಸೆಟ್ಟನ್ನು ಬಾಯಿಂದ ತೆಗೆದು ಉಜ್ಜಲು ಕೂತರು.

"ಈಗ ಹೇಳಿ ಮೇಷ್ಟ್ರೇ."

ಮೇಷ್ಟ್ರ ತುಟಿ ಪಟಪಟ ಅಂದಿತು, ಮಾತು ಹೊರಡಲಿಲ್ಲ. ಮೂವರೂ ನಕ್ಕೆವು, ಮೇಷ್ಟ್ರೂ. ಸೆಟ್ ಕೈಗೆ ಬಂದ ಕೂಡಲೇ ಹಾಕಿಕೊಂಡು, ಒಮ್ಮೆ ಕಚ್ಚಿ ನೋಡಿ ಅಂದರು: "ವಿಮಾನ ಇಳಿಯೋಕೆ ಜಾಗ ಬೇಕು ಡಾಕ್ಟ್ರೇ. ಜಾಗ ಕಾಯೋಕೆ ಜನ ಬೇಕು. ನೋಡ್ತಾ ಇರಿ."

ಅವರು ಹೋದ ಮೇಲೆ ಆ ದೇಶ ಎಲ್ಲಿದೆ ನೋಡಲು ಹೊರಟೆ. ವೇಟಿಂಗ್ ರೂಮಿನ ಹಳೇ ಪತ್ರಿಕೆಯಲ್ಲಿ ನಕ್ಷೆಯಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ನಕ್ಷೆ ಎಲ್ಲಿ ತಲೆಗೆ ಹತ್ತಬೇಕು. ಹುಡುಕಿ ಹುಡುಕಿ ಸಿಕ್ಕಿತು. ಹೆಬ್ಬೆರಳು ಇಟ್ಟರೆ ಆ ದೇಶ ಮುಚ್ಚಿಹೋಗುತ್ತದೆ.

ಮಾರ್ಚ್ 11, ಮಂಗಳವಾರ

ಬಂತು. ತಮ್ಮನ ಫೋನಿಗೆ ಮೆಸೇಜು. ಅಲ್ಲಿ ವಿಮಾನ ನಿಲ್ದಾಣ ಕಾಯಬೇಕಂತೆ. ಯುದ್ಧ ಅಲ್ಲವಂತೆ, ಕಾವಲಂತೆ. ನಾಲಿಗೆಗೆ ಎಲುಬಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ.

ಊಟಕ್ಕೆ ಕೂತಾಗ ಮನೆಯೇ ಸಂಸತ್ತು. ಅಮ್ಮ ಅಧ್ಯಕ್ಷರನ್ನು ಏಕವಚನದಲ್ಲಿ ಬೈದಳು. ಅವನ ಮಕ್ಕಳು ಎಲ್ಲಿ ಕಾವಲಿಗಿದ್ದಾರೆ ಕೇಳು ಅಂದಳು. ತಮ್ಮ ಸಮಾಧಾನವಾಗಿಯೇ ಉತ್ತರ ಕೊಟ್ಟ. ಅಲ್ಲಿ ತಡೆಯದಿದ್ದರೆ ಹಡಗು ನಿಲ್ಲುತ್ತದೆ, ಹಡಗು ನಿಂತರೆ ಎಣ್ಣೆ ನಿಲ್ಲುತ್ತದೆ... ಟಿವಿಯಲ್ಲಿ ಕೇಳಿದ್ದನ್ನೇ ಒಪ್ಪಿಸಿದ. ಅಮ್ಮ ಜಗ್ಗಲಿಲ್ಲ. ಕೊನೆಗೆ ನಿಜ ಹೊರಬಿತ್ತು. ಹಡಗೂ ಅಲ್ಲ, ಎಣ್ಣೆಯೂ ಅಲ್ಲ. ಅವನ ತುಕಡಿಯ ಹುಡುಗರೆಲ್ಲ ಹೊರಟಿದ್ದಾರೆ, ಇವನೊಬ್ಬ ಹೇಗೆ ಉಳಿಯುವುದು.

ಎಡಗಡೆಯಲ್ಲೇ ಅಗಿಯುತ್ತಿದ್ದ. ಬಲಗಡೆ ನೋವಿದೆ ಅಂತ ಆಗಲೇ ಗೊತ್ತಾಯಿತು, ನನ್ನ ಕಣ್ಣು ಹೋಗುವುದೇ ಅಲ್ಲಿಗೆ. ಹೊರಡುವ ಮೊದಲು ಹಲ್ಲು ತೋರಿಸಿ ಚೀಟಿ ತರಬೇಕಂತೆ. ಅಲ್ಲಿ ಹಲ್ಲಿನ ಡಾಕ್ಟರಿಲ್ಲ, ಕೆಟ್ಟ ಹಲ್ಲಿನವರನ್ನು ಕಳಿಸುವುದಿಲ್ಲ. ನಿಮ್ಮ ಕ್ಲಿನಿಕ್ಕಿಗೇ ಬರುತ್ತೇನೆ ಅಂದ.

ಕೆಟ್ಟ ಹಲ್ಲಿನವರನ್ನು ಕಳಿಸುವುದಿಲ್ಲ. ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಕೇಳಿಬಿಟ್ಟೆ. ಡಾಕ್ಟರು ಕೈ ತೊಳೆಯುತ್ತಿದ್ದರು. ಬೆನ್ನು ನನ್ನ ಕಡೆ ಇತ್ತು, ಅದಕ್ಕೇ ಧೈರ್ಯ ಬಂತು. ಹಲ್ಲು ಕೆಟ್ಟಿದೆ ಅಂತ ಬರೆದುಕೊಡಿ, ಬಹಳ ಕೆಟ್ಟಿದೆ ಅಂತ, ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ದೇಶದ ಮಾತು ತೆಗೆಯುತ್ತಾರೆ ಅಂದುಕೊಂಡಿದ್ದೆ. ನಲ್ಲಿ ಹರಿಯುತ್ತಲೇ ಇತ್ತು. ಸೋಪು ಹೋದ ಮೇಲೂ ತೊಳೆದರು.

"ಅಷ್ಟೆಲ್ಲಾ ಮಾತಾಡೋವಾಗ ನಿನ್ನ ತಮ್ಮನ ನೆನಪಿರ್ಲಿಲ್ಲ ಕಣಮ್ಮ."

ಆಮೇಲೆ, ನಾಳೆ ಕರೆದುಕೊಂಡು ಬಾ ಅಂದರು. ಅಷ್ಟೇ. ಊಟದ ಡಬ್ಬಿ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿಕ್ಕಿಬಿದ್ದರೆ ಅವರ ಲೈಸೆನ್ಸಿಗೇ ಕುತ್ತು. ತಮ್ಮನಿಗೆ ಗೊತ್ತಾದರೆ? ಗೊತ್ತಾಗಲಿ. ಜೀವಂತ ಇದ್ದು ಬೈಯಲಿ.

ಮಾರ್ಚ್ 14, ಶುಕ್ರವಾರ

ಎಕ್ಸ್-ರೇ ನಾನೇ ಹಿಡಿದೆ. ಬಲಗಡೆ ಕೆಳದವಡೆ, ಕೊನೆಯಿಂದ ಎರಡನೇ ಹಲ್ಲು. ಸಣ್ಣ ಹುಳುಕು. ಸಿಮೆಂಟು ತುಂಬಿದರೆ ಅರ್ಧ ಗಂಟೆಯ ಕೆಲಸ. ಡಾಕ್ಟರು ಬೇರಿನವರೆಗೆ ಹೋಗಿದೆ ಅಂದರು, ರೂಟ್ ಕೆನಾಲ್ ಆಗಬೇಕು, ತಿಂಗಳು ಹಿಡಿಯುತ್ತದೆ, ಚೀಟಿ ಕೊಡಲಾರೆ ಅಂದರು. ಇವತ್ತು ಅವರು ಯಾರ ಹತ್ತಿರವೂ ರಾಜಕೀಯ ಕೇಳಲಿಲ್ಲ.

ಕುರ್ಚಿಯಿಂದ ಏಳದೆ ತಮ್ಮ ನನ್ನನ್ನೇ ನೋಡಿದ. ಜೊಲ್ಲು ಎಳೆಯುವ ಪೈಪು ನನ್ನ ಕೈಯಲ್ಲಿ ಸುಮ್ಮನೆ ಗೊರಗೊರ ಅನ್ನುತ್ತಿತ್ತು. ಆರಿಸಲು ಮರೆತಿದ್ದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಉಳಿದ ಅಂದೆ. ಅಮ್ಮ ಬಾಗಿಲು ಹಾಕಿಕೊಂಡು ಅತ್ತಳು. ಇವತ್ತು ನಿದ್ದೆ ಮಾಡುತ್ತೇನೆ.

ಮಾರ್ಚ್ 17, ಸೋಮವಾರ

ಟೀ ಹೊತ್ತಿಗೆ ಕ್ಲಿನಿಕ್ಕಿನ ಹಿಂಬಾಗಿಲಿಗೆ ಬಂದ. ಕೆನ್ನೆ ಊದಿತ್ತು. ಬಾಯಿ ತೆರೆದು ತೋರಿಸಿದ. ಹತ್ತಿ, ರಕ್ತ. ಹತ್ತಿ ತೆಗೆದರೆ ಗುಳಿ.

ಬಸ್ ಸ್ಟ್ಯಾಂಡಿನ ಹತ್ತಿರ ಹಲ್ಲು ಕೀಳುವವನೊಬ್ಬ ಇದ್ದಾನಂತೆ. ಎಕ್ಸ್-ರೇ ಇಲ್ಲ, ಹೆಸರು ಬರೆದುಕೊಳ್ಳುವುದಿಲ್ಲ, ಹತ್ತು ನಿಮಿಷದಲ್ಲಿ ಕಿತ್ತು ಬಾಯಿ ಸ್ವಸ್ಥ ಅಂತ ಒಂದು ಸಾಲಿನ ಚೀಟಿ ಕೊಟ್ಟಿದ್ದಾನೆ. ತುಂಬಿದರೆ ಉಳಿಯುತ್ತಿದ್ದ ಹಲ್ಲು. ಇನ್ನು ಐವತ್ತು ವರ್ಷ ಬರುತ್ತಿದ್ದ ಹಲ್ಲು. ಹೊಡೆಯಬೇಕು ಅನ್ನಿಸಿತು, ಆದರೆ ಆ ಕೆನ್ನೆಗೆ ಹೊಡೆಯುವುದು ಹೇಗೆ.

"ಯಾಕೋ ಹೀಗೆ ಮಾಡ್ದೆ?"

"ನೀನ್ಯಾಕೆ ಹಾಗೆ ಮಾಡ್ದೆ?" ಊದಿದ ಬಾಯಲ್ಲಿ ತೊದಲಿದ. "ನಾನು ಉಳಿದ್ರೆ ಆ ಜಾಗ ಖಾಲಿ ಬಿಡ್ತಾರಾ? ಇನ್ಯಾರನ್ನೋ ಹಾಕ್ತಾರೆ. ಅವನಿಗೂ ಮನೇಲಿ ಒಬ್ಬಳು ಅಕ್ಕ ಇರ್ತಾಳೆ."

ಹೊಸ ಹತ್ತಿ ಇಟ್ಟು ಕಚ್ಚಿಸಿದೆ. ಇವತ್ತು ಬಾಯಿ ಮುಕ್ಕಳಿಸಬೇಡ, ಬಿಸಿ ಕುಡಿಯಬೇಡ ಅಂದೆ. ಯಾರಿಗೋ ಹೇಳುವ ಹಾಗೆ ಹೇಳಿದೆ. ಕಿತ್ತಿದ್ದು ಅಮ್ಮನಿಗೆ ತಿಳಿಯಬಾರದು ಅಂತ ಆಣೆ ಹಾಕಿಸಿಕೊಂಡ, ಊತ ನಮ್ಮ ಡಾಕ್ಟರ ಔಷಧಿಯದ್ದು, ಹಲ್ಲು ವಾಸಿಯಾಗಿ ಚೀಟಿ ಸಿಕ್ಕಿತು ಅಂತ ಹೇಳಬೇಕಂತೆ. ಡಾಕ್ಟರಿಗೆ ನಾನೂ ಪೂರ್ತಿ ಹೇಳಲಿಲ್ಲ. ಬೇರೆ ಕಡೆಯಿಂದ ಚೀಟಿ ತಂದ ಅಂದೆ. ಅವರು ಮಾಡಿದ ಉಪಕಾರಕ್ಕೆ ಇದಾ ಫಲ ಅಂತ ನಾಚಿಕೆ.

ಮಾರ್ಚ್ 24

ಹೋದ.

ಏಪ್ರಿಲ್ 19, ಶನಿವಾರ

ಫೋನು ಬಂತು. ಬಿಸಿಲಂತೆ. ಇಡೀ ಊರಲ್ಲಿ ಒಂದು ಲಿಫ್ಟಿಲ್ಲ, ನನ್ನ ಕಸುಬಿಗೆ ಬೆಲೆಯೇ ಇಲ್ಲ ಅಂತ ನಕ್ಕ. ಗುಳಿ ತುಂಬಿತಾ ಕೇಳಿದೆ. ಮೇಲೆ ಒಸಡು ಕೂಡಿದೆ, ಎರಡೂ ಕಡೆ ಅಗಿಯುತ್ತೇನೆ ಅಂದ. ಅಮ್ಮ ಪಕ್ಕದಲ್ಲೇ ಇದ್ದಳು, ಯಾವ ಗುಳಿ ಅಂದಳು. ಅವರ ಕ್ಯಾಂಪಿನ ದಾರಿಯದ್ದು ಅಂದೆ.

ಅಧ್ಯಕ್ಷರು ಕೆಲಸ ಬಹುಪಾಲು ಮುಗಿದಿದೆ ಅಂದಿದ್ದಾರೆ. ಮುಗಿದಿದ್ದರೆ ಇನ್ನಷ್ಟು ಜನರನ್ನು ಯಾಕೆ ಕಳಿಸುತ್ತಾರೆ ಅಂತ ಮೇಷ್ಟ್ರು ಕೇಳಿದರು. ಡಾಕ್ಟರು ಈಗ ವಾದಕ್ಕಿಳಿಯುವುದಿಲ್ಲ. ನನ್ನ ಮುಖ ನೋಡಿ, ಮೇಷ್ಟ್ರೇ ಸ್ವಲ್ಪ ಸುಮ್ಮನಿರಿ ಅಂದರು.

ಮೇ 27, ಮಂಗಳವಾರ. ಬೆಳಗ್ಗೆ

ಅವನಿದ್ದ ನಿಲ್ದಾಣದ ಮೇಲೆ ರಾಕೆಟ್ಟು. ಮಲಗುವ ಕೋಣೆಗಳ ಸಾಲಿಗೇ ಬಿದ್ದಿದೆ. ಸತ್ತವರ ಹೆಸರು ಹೇಳುತ್ತಿಲ್ಲ. ಫೋನು ಹೋಗುತ್ತಿಲ್ಲ.

ಮೇ 30, ಶುಕ್ರವಾರ

ಸೇನೆಯ ಆಫೀಸರು ಕ್ಲಿನಿಕ್ಕಿಗೆ ಬಂದಿದ್ದರು. ಟೋಪಿ ಕಂಕುಳಲ್ಲಿ. ಕಾಣೆಯಾದವರ ಹಲ್ಲಿನ ಎಕ್ಸ್-ರೇ ಕೂಡಿಸುತ್ತಿದ್ದಾರಂತೆ. ಬೆಂಕಿ ಬಿದ್ದಿದ್ದರಿಂದ ಮುಖ ಗುರುತು ಹತ್ತುವುದಿಲ್ಲವಂತೆ, ಮನೆಯವರ ರಕ್ತದ ಜೊತೆ ತಾಳೆ ನೋಡುವುದು ವಾರಗಟ್ಟಲೆ ತಡವಂತೆ. ತಮ್ಮನ ಹಾಸಿಗೆಯ ಹತ್ತಿರ ಸಿಕ್ಕಿದ್ದು... ಕೆಳದವಡೆಯ ಒಂದು ಕಡೆ ಮಾತ್ರ. ಬಲಗಡೆಯದ್ದು.

ಡಾಕ್ಟರು ಮಾರ್ಚ್ ತಿಂಗಳ ಎಕ್ಸ್-ರೇ ಹುಡುಕಿ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹಲ್ಲು ಈಗಿಲ್ಲ ಅಂತ ಹೇಳಬೇಕಿತ್ತು. ಹೇಳದೆ ಆಫೀಸರಿಗೆ ಬಾಗಿಲು ತೆರೆದುಕೊಟ್ಟೆ.

ಜೂನ್ 2, ಸೋಮವಾರ

ತಾಳೆಯಾಗಲಿಲ್ಲ. ಆಫೀಸರು ಫೋನು ಮಾಡಿದ್ದರು. ಎಕ್ಸ್-ರೇಯಲ್ಲಿ ಹಲ್ಲಿದೆ, ಸಿಕ್ಕಿದ್ದರಲ್ಲಿ ಆ ಹಲ್ಲೇ ಇಲ್ಲ, ಹಾಗಾಗಿ ಇದು ನಿಮ್ಮವನಲ್ಲ. ಸದ್ಯಕ್ಕೆ ಕಾಣೆಯಾದವನು ಅಂತಲೇ ಬರೆಯುತ್ತಾರಂತೆ, ಹುಡುಕುತ್ತಾರಂತೆ.

ಡಾಕ್ಟರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಚೀಟಿ ಕೊಟ್ಟವನು ಹುಳುಕು ತುಂಬಿದ್ದರೂ ಹಲ್ಲು ಇರಲೇಬೇಕಲ್ಲಮ್ಮ, ಹಲ್ಲು ಎಲ್ಲಿಗೆ ಹೋಗುತ್ತೆ ಅಂದರು. ಅಮ್ಮ ಚಪ್ಪಲಿ ಕೂಡ ಮೆಟ್ಟದೆ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಬಂದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ನನಗೂ ಬಡಿಸಿದಳು.

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಜೂನ್ 3, ಮಂಗಳವಾರ. ಹತ್ತೂವರೆ

ಆಫೀಸರ ನಂಬರು ಡಾಕ್ಟರ ಮೇಜಿನ ಮೇಲಿತ್ತು. ಮಾಡಿದೆ. ಇಟ್ಟುಬಿಟ್ಟೆ. ಮತ್ತೆ ಮಾಡಿದೆ. ಯಾರೋ ಹೆಂಗಸು ಎತ್ತಿದಳು. ಸಾಹೇಬರು ಹೊರಗೆ ಹೋಗಿದ್ದಾರೆ, ಬೇರೊಂದು ಮನೆಗೆ, ಕಾಣೆಯಾದ ಇನ್ನೊಬ್ಬ ಹುಡುಗನ ಎಕ್ಸ್-ರೇ ತರೋಕೆ. ಅವನಿಗೂ ಆ ಜಾಗದಲ್ಲಿ ಹಲ್ಲಿಲ್ಲವಂತೆ, ಅವರ ಅಮ್ಮ ಹೇಳಿದ್ದಾರಂತೆ, ಎಷ್ಟೋ ವರ್ಷದ ಹಿಂದೆ ಕೀಳಿಸಿದ್ದು. ಹನ್ನೊಂದಕ್ಕೆ ಬರುತ್ತಾರೆ, ಆಗ ಮಾಡಿ ಅಂದಳು.

ಎಷ್ಟೋ ವರ್ಷದ ಹಿಂದೆ. ಹಾಗಾದರೆ ಇದು ಆ ಹುಡುಗನೇ ಇರಬಹುದು. ಇರಬಹುದಲ್ಲ? ಹಳೇ ಗುಳಿಯಾದರೆ ಎಲುಬು ಪೂರ್ತಿ ತುಂಬಿ ನುಣ್ಣಗಾಗಿರುತ್ತದೆ. ತಮ್ಮನದ್ದರ ಹಾಗೆ ಎರಡು ತಿಂಗಳದ್ದಾದರೆ ಮೇಲೆ ಒಸಡು ಕೂಡಿದ್ದರೂ ಒಳಗೆ ಟೊಳ್ಳು, ಎಕ್ಸ್-ರೇಯಲ್ಲಿ ಕಪ್ಪಗೆ ಕಾಣುತ್ತದೆ. ನಾನು ನೋಡಿಲ್ಲವೇ.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಬೆಳಗ್ಗೆ ಅವನ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು.

ಫೋನಿನಲ್ಲಿ ತಡವರಿಸಬಾರದು. ಬರೆದುಕೊಂಡು ಓದಿಬಿಡುತ್ತೇನೆ—

ಸಾರ್, ನಾನು ಹಲ್ಲಿನ ಕ್ಲಿನಿಕ್ಕಿನವಳು, ಅವನ ಅಕ್ಕ. ನಮ್ಮ ಎಕ್ಸ್-ರೇ ತೆಗೆದ ಮೇಲೆ ಅವನು ಆ ಹಲ್ಲು ಕೀಳಿಸಿದ್ದ. ನನಗೆ ಗೊತ್ತಿತ್ತು. ದಯವಿಟ್ಟು ಆ ದವಡೆಯನ್ನ ಇನ್ನೊಂದು ಸಲ ನೋಡಿ ಸಾರ್. ಬಲಗಡೆ ಕೆಳದವಡೆ, ಕೊನೆಯಿಂದ ಎರಡನೇದು. ಆ ಗುಳಿಯ ಒಳಗೆ ಎಲುಬು ತುಂಬಿದೆಯಾ, ಇಲ್ಲಾ...